‘ಸೂಪರ್’ ಎಂದರೆ ಸಾಕೆ? ಹವ್ಯಾಸಿ ಛಾಯಾಗ್ರಾಹಕರ ನಡುವಿನ ವಿಮರ್ಶೆ ಹೇಗಿರಬೇಕು

ಬೆಂಗಳೂರು: ರಜೆಯ ದಿನ ಹವ್ಯಾಸಿ ಛಾಯಾಗ್ರಾಹಕರು ಒಂದೆಡೆ ಸೇರಿ, ತಾವು ತೆಗೆದ ಚಿತ್ರಗಳನ್ನು ಪರಸ್ಪರ ತೋರಿಸಿಕೊಳ್ಳುವುದು ರಾಜ್ಯದ ಹಲವು ಊರುಗಳಲ್ಲಿ ನಡೆದುಬಂದ ರೂಢಿ. ತೆರೆಯ ಮೇಲೆ ಚಿತ್ರ ಮೂಡುತ್ತದೆ. ‘ಸೂಪರ್’ ಎನ್ನುತ್ತಾರೆ ಒಬ್ಬರು. ‘ಕ್ಷಿತಿಜ ಸ್ವಲ್ಪ ಓರೆಯಾಗಿದೆ’ ಎನ್ನುತ್ತಾರೆ ಇನ್ನೊಬ್ಬರು. ‘ಯಾವ ಲೆನ್ಸ್?’ ಎಂದು ಮೂರನೆಯವರ ಪ್ರಶ್ನೆ. ಅರ್ಧ ನಿಮಿಷದಲ್ಲಿ ಮುಂದಿನ ಚಿತ್ರ ಬಂದುಬಿಡುತ್ತದೆ. ಮುಂದಿನ ಸಲ ಕ್ಯಾಮೆರಾ ಹಿಡಿದಾಗ ಏನನ್ನು ಬೇರೆಯಾಗಿ ಮಾಡಬೇಕು ಎಂಬುದು ಮಾತ್ರ ಚಿತ್ರ ತಂದವರಿಗೆ ತಿಳಿಯದೇ ಉಳಿಯುತ್ತದೆ.

ಪತ್ರಿಕಾ ಛಾಯಾಗ್ರಾಹಕನಿಗೆ ಸಂಪಾದಕರಿದ್ದಾರೆ. ಮದುವೆಯ ಚಿತ್ರ ತೆಗೆಯುವವರಿಗೆ ಗಿರಾಕಿಗಳಿದ್ದಾರೆ. ಚಿತ್ರಕಲಾ ಶಾಲೆಯ ವಿದ್ಯಾರ್ಥಿಗೆ ಮೇಷ್ಟ್ರಿದ್ದಾರೆ. ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ದುಡಿದು, ವಾರಾಂತ್ಯದಲ್ಲಿ ಕ್ಯಾಮೆರಾ ಹೆಗಲಿಗೇರಿಸುವ ಹವ್ಯಾಸಿಗೆ ಇವರಾರೂ ಇಲ್ಲ. ಇನ್ನೊಬ್ಬ ಹವ್ಯಾಸಿಯ ಮಾತೇ ಆತನ ಪಾಠಶಾಲೆ. ಆ ಮಾತು ಪೊಳ್ಳಾದರೆ ಹತ್ತು ವರ್ಷ ಒಂದೇ ಬಗೆಯ ಸೂರ್ಯಾಸ್ತವನ್ನು ತೆಗೆಯುತ್ತಲೇ ಇರುತ್ತಾನೆ. ಕಟುವಾದರೆ ಕ್ಯಾಮೆರಾ ಬೀರು ಸೇರುತ್ತದೆ.

<b>ಅಂಕವುಂಟು, ಕಾರಣವಿಲ್ಲ</b>

ಕರ್ನಾಟಕಕ್ಕೆ ಹವ್ಯಾಸಿ ಛಾಯಾಗ್ರಹಣ ಹೊಸತಲ್ಲ. ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿ 1953ರಲ್ಲಿ ಆರಂಭವಾದಾಗ ಅದರ ಹಿಂದಿದ್ದವರು ಬೆಂಗಳೂರಿನ ಡಾ. ಜಿ. ಥಾಮಸ್. ಯೂತ್ ಫೋಟೋಗ್ರಾಫಿಕ್ ಸೊಸೈಟಿ ಬೆಂಗಳೂರಿನಲ್ಲಿ ಹುಟ್ಟಿದ್ದು 1971ರಲ್ಲಿ. ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರು 2017ರಲ್ಲಿ ತೀರಿಕೊಂಡಾಗ, ಅವರನ್ನು ಗುರುವೆಂದು ನೆನೆದವರ ಸಾಲು ದೊಡ್ಡದಿತ್ತು. ಹಿರಿಯರ ಪಕ್ಕ ಕುಳಿತು, ಚಿತ್ರ ತೋರಿಸಿ, ಬೈಸಿಕೊಂಡು ಕಲಿಯುವ ಪರಂಪರೆ ಇಲ್ಲಿ ಇದ್ದೇ ಇದೆ.

ಇದರ ಜೊತೆಗೇ ಬೆಳೆದದ್ದು ಸಲಾನ್ ಎಂಬ ಸ್ಪರ್ಧಾ ಪ್ರದರ್ಶನಗಳ ವ್ಯವಸ್ಥೆ. ಏಕವರ್ಣ, ವರ್ಣ, ನಿಸರ್ಗ, ಪ್ರವಾಸ ಮುಂತಾದ ವಿಭಾಗಗಳಿಗೆ ಚಿತ್ರಗಳು ಬರುತ್ತವೆ. ಸಾಮಾನ್ಯವಾಗಿ ಮೂವರು ತೀರ್ಪುಗಾರರು, ಯಾರ ಚಿತ್ರವೆಂದು ತಿಳಿಯದೆಯೇ ಅಂಕ ಕೊಡುತ್ತಾರೆ. ಮೂವರ ಅಂಕ ಕೂಡಿ ನಿಗದಿತ ಗಡಿ ದಾಟಿದರೆ ಚಿತ್ರ ಸ್ವೀಕೃತ, ಇಲ್ಲದಿದ್ದರೆ ತಿರಸ್ಕೃತ. ಇಂಥ ಸ್ವೀಕೃತಿಗಳನ್ನು ಕೂಡಿಹಾಕಿದವರಿಗೆ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎಪಿ ಗೌರವ ಪದವಿಗಳನ್ನು ನೀಡುತ್ತದೆ. ಹೆಸರಿನ ಮುಂದೆ ಎಎಫ್‌ಐಎಪಿ, ಇಎಫ್‌ಐಎಪಿ ಎಂಬ ಅಕ್ಷರಗಳನ್ನು ಕಂಡವರಿಗೆ ಇದು ಗೊತ್ತಿರುತ್ತದೆ.

ಈ ಪದ್ಧತಿಯಲ್ಲಿ ಅನ್ಯಾಯವೇನಿಲ್ಲ. ಸಾವಿರಾರು ಚಿತ್ರಗಳ ಮಧ್ಯೆ ಒಂದೊಂದಕ್ಕೂ ಸಿಗುವುದು ಕೆಲವೇ ಸೆಕೆಂಡುಗಳ ನೋಟ. ಕಾರಣ ಬರೆದು ಕಳಿಸುವುದು ಆಗದ ಮಾತು. ಆದರೆ 9 ಅಂಕ ಬಂದ ಚಿತ್ರಕ್ಕೆ 11 ಏಕೆ ಬರಲಿಲ್ಲ ಎಂಬುದನ್ನು ಆ ಸಂಖ್ಯೆ ಎಂದೂ ಹೇಳುವುದಿಲ್ಲ. ಆಗ ಹವ್ಯಾಸಿ ತಾನೇ ಒಂದು ಕಾರಣ ಊಹಿಸಿಕೊಳ್ಳುತ್ತಾನೆ. ಕಳೆದ ವರ್ಷ ಗೆದ್ದ ಚಿತ್ರಗಳನ್ನು ನೋಡಿ ಅಂಥದ್ದನ್ನೇ ತೆಗೆಯಲು ಹೊರಡುತ್ತಾನೆ. ಮಂಜಿನಲ್ಲಿ ಬಿಸಿಲಕೋಲು, ದೂಳೆಬ್ಬಿಸುವ ಕುರಿಮಂದೆ, ದೀಪ ಹಿಡಿದ ಅಜ್ಜಿ - ಪ್ರದರ್ಶನದಿಂದ ಪ್ರದರ್ಶನಕ್ಕೆ ಇವೇ ಮರುಕಳಿಸುವುದು ಸುಮ್ಮನೆ ಅಲ್ಲ.

ಬ್ರಿಟನ್ ಮತ್ತು ಅಮೆರಿಕದ ಹವ್ಯಾಸಿಗಳು ಇದಕ್ಕೊಂದು ಸೊಗಸಾದ ಉಪಾಯ ಕಂಡುಕೊಂಡಿದ್ದರು. ಸದಸ್ಯರು ತಮ್ಮ ಮುದ್ರಿತ ಚಿತ್ರಗಳನ್ನು ಒಂದು ಪೆಟ್ಟಿಗೆಗೆ ಹಾಕುವುದು, ಆ ಪೆಟ್ಟಿಗೆ ಅಂಚೆಯಲ್ಲಿ ಮನೆಯಿಂದ ಮನೆಗೆ ಸುತ್ತುವುದು, ಪ್ರತಿಯೊಬ್ಬರೂ ಪ್ರತಿ ಚಿತ್ರದ ಬಗ್ಗೆ ಟಿಪ್ಪಣಿ ಬರೆದು ಮುಂದೆ ಕಳಿಸುವುದು. ಪೆಟ್ಟಿಗೆ ತಿರುಗಿ ಬಂದಾಗ ತನ್ನ ಚಿತ್ರದ ಜೊತೆ ಉಳಿದವರೆಲ್ಲರ ಕೈಬರಹ. ನಿಧಾನವೇನೋ ಹೌದು. ಆದರೆ ಬರೆಯಲು ಕುಳಿತವರಿಗೆ ‘ಸೂಪರ್’ ಎಂದಷ್ಟೇ ಬರೆದು ಕಳಿಸಲು ಸಂಕೋಚವಾಗುತ್ತದೆ.

<b>ಹೊಗಳಿಕೆ ಕೈಕೊಡುವುದೇಕೆ?</b>

ಪ್ರತಿಕ್ರಿಯೆ ಕೊಟ್ಟಷ್ಟೂ ಒಳ್ಳೆಯದೆಂಬ ನಂಬಿಕೆ ಸಾರ್ವತ್ರಿಕ. ಅದು ಪೂರ್ತಿ ನಿಜವಲ್ಲ ಎಂದು ತೋರಿಸಿದವರು ಮನಃಶಾಸ್ತ್ರಜ್ಞರಾದ ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡಿನಿಸಿ. ಅದುವರೆಗಿನ ಅಧ್ಯಯನಗಳಿಂದ 607 ಫಲಿತಾಂಶಗಳನ್ನು ಒಟ್ಟುಗೂಡಿಸಿ 1996ರಲ್ಲಿ ಅವರು ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸರಾಸರಿಯಲ್ಲಿ ಪ್ರತಿಕ್ರಿಯೆಯಿಂದ ಸಾಧನೆ ಸುಧಾರಿಸುತ್ತದೆ; ಆದರೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಪ್ರಸಂಗಗಳಲ್ಲಿ ಸಾಧನೆ ಕುಸಿದಿತ್ತು. ಕೇಳುವವನ ಗಮನ ಕೆಲಸದ ಮೇಲಿಂದ ಜಾರಿ ತನ್ನ ಮೇಲೆಯೇ ಬಿದ್ದಾಗ ಪ್ರತಿಕ್ರಿಯೆಯ ಉಪಯೋಗ ಕಡಿಮೆಯಾಗುತ್ತದೆಂಬುದು ಅವರ ವಿವರಣೆ. ‘ನಿಮಗೆ ಒಳ್ಳೆಯ ಕಣ್ಣಿದೆ’ ಎಂಬ ಹೊಗಳಿಕೆಯೂ ‘ನಿಮಗಿದು ಒಗ್ಗುವುದಿಲ್ಲ’ ಎಂಬ ತೆಗಳಿಕೆಯೂ ಈ ವಿಷಯದಲ್ಲಿ ಒಂದೇ. ಎರಡೂ ಮನುಷ್ಯನ ಬಗ್ಗೆ ಮಾತಾಡುತ್ತವೆ, ಚಿತ್ರದ ಬಗ್ಗೆ ಅಲ್ಲ.

ಇನ್ನೊಂದು ಪ್ರಯೋಗ ಶಾಲಾಮಕ್ಕಳದು. ಇಸ್ರೇಲಿನ ರುತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿನ ಮಕ್ಕಳಿಗೆ ಅಂಕ ಮಾತ್ರ, ಇನ್ನೊಂದಕ್ಕೆ ಟಿಪ್ಪಣಿ ಮಾತ್ರ, ಮೂರನೆಯದಕ್ಕೆ ಎರಡನ್ನೂ ನೀಡಲಾಯಿತು. ಆಸಕ್ತಿ ಉಳಿದು ಕೆಲಸ ಉತ್ತಮಗೊಂಡದ್ದು ಟಿಪ್ಪಣಿ ಮಾತ್ರ ಪಡೆದವರಲ್ಲಿ. ಎರಡೂ ಸಿಕ್ಕಿದ ಮಕ್ಕಳಿಗೆ ಟಿಪ್ಪಣಿಯ ಲಾಭ ದಕ್ಕಲಿಲ್ಲ. ಅಂಕವೊಂದು ಪಕ್ಕದಲ್ಲಿದ್ದರೆ ಕಣ್ಣು ಅಲ್ಲೇ ನಿಲ್ಲುತ್ತದೆಯೆಂದು ಕಾಣುತ್ತದೆ. ತಿಂಗಳ ಸ್ಪರ್ಧೆಯನ್ನೂ ವಿಮರ್ಶೆಯನ್ನೂ ಒಂದೇ ಸಂಜೆ ಇಟ್ಟುಕೊಳ್ಳುವ ಸಂಘಗಳು ಯೋಚಿಸಬೇಕಾದ ವಿಷಯವಿದು.

<b>ಮೊದಲು ಕಂಡದ್ದನ್ನು ಹೇಳಿ</b>

ಹಾಗಾದರೆ ಏನು ಹೇಳಬೇಕು? ಅಮೆರಿಕದ ಕಲಾ ಶಿಕ್ಷಕ ಟೆರಿ ಬ್ಯಾರೆಟ್ 1990ರಲ್ಲಿ ಛಾಯಾಚಿತ್ರ ವಿಮರ್ಶೆಯ ಕುರಿತು ಬರೆದ ಪಠ್ಯ ಇಂದಿಗೂ ಓದಲ್ಪಡುತ್ತದೆ. ವರ್ಣಿಸುವುದು, ಅರ್ಥೈಸುವುದು, ಬೆಲೆಕಟ್ಟುವುದು ಬೇರೆ ಬೇರೆ ಕೆಲಸಗಳೆಂದು ಅವರು ವಿಂಗಡಿಸುತ್ತಾರೆ. ನಮ್ಮಲ್ಲಿ ಬಹುತೇಕರು ಶುರುಮಾಡುವುದೇ ಕೊನೆಯದರಿಂದ.

ಯಕ್ಷಗಾನದ ಚೌಕಿಯಲ್ಲಿ ಕಲಾವಿದರೊಬ್ಬರು ಕನ್ನಡಿಯ ಮುಂದೆ ಕುಳಿತು ಬಣ್ಣ ಹಚ್ಚಿಕೊಳ್ಳುತ್ತಿರುವ ಚಿತ್ರವೊಂದನ್ನು ಊಹಿಸಿಕೊಳ್ಳಿ. ‘ಎಕ್ಸ್‌ಪೋಷರ್ ಸರಿಯಿಲ್ಲ’ ಎಂದರೆ ಅದು ತೀರ್ಪು. ಅದರ ಬದಲು, ‘ನನ್ನ ಕಣ್ಣು ಮೊದಲು ಹೋದದ್ದು ಮೇಲಿನ ಬಲ್ಬಿಗೆ. ಬೆರಳು ಮತ್ತು ಬಣ್ಣದ ಕಡ್ಡಿ ಇರುವ ಜಾಗಕ್ಕೆ ತಡವಾಗಿ ಬಂದೆ’ ಎಂದು ಹೇಳಿದರೆ ಅದು ವರ್ಣನೆ. ಇದನ್ನು ಯಾರೂ ಅಲ್ಲಗಳೆಯಲಾರರು, ಯಾರಿಗೂ ನೋವಾಗುವುದಿಲ್ಲ. ಪರಿಹಾರವೂ ಅದರಲ್ಲೇ ಅಡಗಿದೆ: ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಬಲ್ಬನ್ನು ಕಲಾವಿದರ ತಲೆಯ ಹಿಂದೆ ಮರೆಮಾಡಬಹುದಿತ್ತು, ಅಥವಾ ಮುಖದ ಬೆಳಕಿಗೆ ಅಳತೆ ಹೊಂದಿಸಿ ಬಲ್ಬನ್ನು ಚೌಕಟ್ಟಿನಿಂದಲೇ ಹೊರಗಿಡಬಹುದಿತ್ತು.

ತಾಂತ್ರಿಕ ದೋಷಗಳಲ್ಲಂತೂ ಈ ಬಗೆಯ ನಿಖರತೆ ತೀರಾ ಅಗತ್ಯ. ‘ಹಕ್ಕಿ ಮಸುಕಾಗಿದೆ’ ಎಂದಷ್ಟೇ ಹೇಳಿದರೆ ಪ್ರಯೋಜನವಿಲ್ಲ, ಏಕೆಂದರೆ ಮಸುಕಿಗೆ ಕನಿಷ್ಠ ಮೂರು ಕಾರಣಗಳಿವೆ. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಕೊಂಬೆ ಸ್ಪಷ್ಟವಾಗಿದ್ದು ರೆಕ್ಕೆ ಮಾತ್ರ ಕದಡಿದ್ದರೆ ಶಟರ್ ವೇಗ ಸಾಲದು. ಹಕ್ಕಿಯ ಹಿಂದಿನ ಎಲೆ ಚೂಪಾಗಿದ್ದರೆ ಫೋಕಸ್ ಬೇರೆಡೆ ಕುಳಿತಿದೆ. ಒಂದಕ್ಕೆ ಟ್ರೈಪಾಡ್, ಇನ್ನೊಂದಕ್ಕೆ 1/250ರ ಬದಲು 1/1000 ಸೆಕೆಂಡ್, ಮತ್ತೊಂದಕ್ಕೆ ಫೋಕಸ್ ಬಿಂದುವಿನ ಆಯ್ಕೆ. ಯಾವುದೆಂದು ಹೇಳದ ವಿಮರ್ಶಕನ ಮಾತು ಕೇಳಿ ಹವ್ಯಾಸಿಯೊಬ್ಬ ಹೊಸ ಲೆನ್ಸಿಗೆ ಸಾಲ ಮಾಡಿದರೆ ಅಚ್ಚರಿಯಿಲ್ಲ!

ಹೀಗೆ ನೋಡಲು ಪದಗಳೂ ಬೇಕು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಜಾನ್ ಸರ್ಕಾವ್‌ಸ್ಕಿ 1966ರ ತಮ್ಮ ಪುಸ್ತಕದಲ್ಲಿ ಛಾಯಾಚಿತ್ರವನ್ನು ಐದು ಬದಿಗಳಿಂದ ನೋಡಿದ್ದರು: ವಸ್ತು, ವಿವರ, ಚೌಕಟ್ಟು, ಕಾಲ ಮತ್ತು ನಿಂತ ಜಾಗ. ‘ಏನೋ ಒಂದು ಕಡಿಮೆಯಾಗಿದೆ’ ಎಂದು ತಡವರಿಸುವಾಗ ಈ ಐದನ್ನು ಒಂದೊಂದಾಗಿ ಕೇಳಿಕೊಂಡರೆ ಸಾಮಾನ್ಯವಾಗಿ ಉತ್ತರ ಸಿಗುತ್ತದೆ. ಹೊಸಬರ ಚಿತ್ರಗಳಲ್ಲಿ ಅದು ಹೆಚ್ಚಾಗಿ ಕೊನೆಯದು. ಹಂಪಿಯ ಕಲ್ಲಿನ ರಥದ ಮುಂದೆ ಎಲ್ಲರೂ ನಿಲ್ಲುವುದು ಒಂದೇ ಜಾಗದಲ್ಲಿ.

<b>ಕಂಬಳದ ಚಿತ್ರ, ಬೆಂಗಳೂರಿನ ಕತ್ತರಿ</b>

ವಿಮರ್ಶಕನೇ ಎಡವುವ ಸಂದರ್ಭಗಳಿವೆ. ಕರಾವಳಿಯ ಹವ್ಯಾಸಿಯೊಬ್ಬರು ಕಂಬಳದ ಚಿತ್ರ ತಂದಿದ್ದಾರೆ ಎನ್ನೋಣ. ಕೋಣಗಳ ಜೋಡಿ, ಹಿಂದೆ ಹಲಗೆಯ ಮೇಲೆ ನಿಂತ ಓಟಗಾರ, ಎದ್ದ ನೀರು ಇವೆಲ್ಲ ಚೌಕಟ್ಟಿನ ಕೆಳಗಿನ ಅರ್ಧದಲ್ಲಿವೆ. ಮೇಲಿನ ಅರ್ಧ ಹೆಚ್ಚುಕಡಿಮೆ ಖಾಲಿ. ತುದಿಯಲ್ಲಿ ಅಡ್ಡಲಾಗಿ ಕಟ್ಟಿದ ಒಂದು ಬಟ್ಟೆ. ಬೆಂಗಳೂರಿನ ಸಭೆಯಲ್ಲಿ ಕೂಡಲೇ ಸಲಹೆ ಹೊರಡುತ್ತದೆ: ‘ಮೇಲಿನದನ್ನು ಕತ್ತರಿಸಿಬಿಡಿ, ಬಟ್ಟೆ ಕಣ್ಣಿಗೆ ಚುಚ್ಚುತ್ತದೆ, ಕೋಣಗಳು ಚೌಕಟ್ಟು ತುಂಬಲಿ’.

ಕಂಬಳ ಬಲ್ಲವರು ಇದನ್ನು ಕೇಳಿ ನಕ್ಕಾರು. ಅದು ಕಣೆ ಹಲಗೆ ವಿಭಾಗದ ಚಿತ್ರ. ಅಲ್ಲಿ ಸ್ಪರ್ಧೆ ವೇಗದ್ದಲ್ಲ, ನೀರಿನ ಎತ್ತರದ್ದು. ಹಲಗೆಯ ತೂತಿನಿಂದ ಚಿಮ್ಮುವ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಯನ್ನು ಮುಟ್ಟಿತೇ ಇಲ್ಲವೇ ಎಂಬುದೇ ಅಲ್ಲಿನ ಸಂಗತಿ. ಬಟ್ಟೆಯನ್ನು ಕತ್ತರಿಸಿದರೆ ಚಿತ್ರದ ಕಥೆಯೇ ಹೋಯಿತು. ಹಾಗೆಂದು ಚಿತ್ರ ಪರಿಪೂರ್ಣವೆಂದೂ ಅಲ್ಲ. ನೀರು ಇನ್ನೂ ಅರ್ಧ ದಾರಿಯಲ್ಲಿದ್ದಾಗಲೇ ಬಟನ್ ಒತ್ತಿದ್ದಾರೆ. ಬಟ್ಟೆಗೂ ನೀರಿಗೂ ಸಂಬಂಧವಿದೆಯೆಂದು ಕಂಬಳ ಕಾಣದವರಿಗೆ ತಿಳಿಯುವಂತಿಲ್ಲ. ನಿಜವಾದ ವಿಮರ್ಶೆ ಹುಟ್ಟಬೇಕಾದದ್ದು ಇಲ್ಲಿ. ಆದರೆ ‘ಆ ಬಟ್ಟೆ ಏನು?’ ಎಂದು ಒಬ್ಬರಾದರೂ ಕೇಳಿದ್ದರೆ ಮಾತ್ರ ಮಾತು ಇಲ್ಲಿಗೆ ತಲುಪೀತು.

ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ವಿಧಾನದ ಬೆಲೆ ಇಂಥಲ್ಲಿ ತಿಳಿಯುತ್ತದೆ. ನೃತ್ಯಕ್ಕೆಂದು ಹುಟ್ಟಿದ ಅದು ಅನೇಕ ಕಲೆಗಳಿಗೆ ಹಬ್ಬಿದೆ. ಮೊದಲು ನೋಡಿದವರು ತಮಗೆ ಮುಖ್ಯವೆನಿಸಿದ್ದನ್ನು ಹೇಳುತ್ತಾರೆ. ಬಳಿಕ ಕಲಾವಿದ ತನಗೆ ಬೇಕಾದ ಪ್ರಶ್ನೆ ಕೇಳುತ್ತಾನೆ. ಆಮೇಲೆ ನೋಡಿದವರು ಪ್ರಶ್ನೆ ಕೇಳಬಹುದು, ಆದರೆ ಅದರಲ್ಲಿ ಅಭಿಪ್ರಾಯ ಅಡಗಿರಬಾರದು. ‘ಇಷ್ಟೊಂದು ಕತ್ತಲೆ ಯಾಕೆ ಬಿಟ್ಟಿರಿ?’ ಎಂಬುದು ಪ್ರಶ್ನೆಯ ವೇಷದ ಟೀಕೆ. ‘ಬೆಳಕಿನ ಬಗ್ಗೆ ಏನು ಯೋಚಿಸಿದ್ದಿರಿ?’ ಎಂಬುದು ಪ್ರಶ್ನೆ. ಅಭಿಪ್ರಾಯಕ್ಕೆ ಜಾಗವಿರುವುದು ನಾಲ್ಕನೇ ಹಂತದಲ್ಲಿ, ಅದೂ ‘ಈ ಬಗ್ಗೆ ನನ್ನದೊಂದು ಅಭಿಪ್ರಾಯವಿದೆ, ಹೇಳಲೇ?’ ಎಂದು ಕೇಳಿ, ಒಪ್ಪಿಗೆ ಸಿಕ್ಕ ಮೇಲೆ. ನಮ್ಮ ಸಭೆಗಳಿಗೆ ಇದು ಕೊಂಚ ನಾಟಕೀಯವೆನಿಸಬಹುದು. ಮೂರನೇ ಹಂತವೊಂದನ್ನು ಅಳವಡಿಸಿಕೊಂಡರೂ ಅರ್ಧ ಕೆಲಸವಾದಂತೆ.

<b>ಕೇಳಿಸಿಕೊಳ್ಳುವವರ ಪಾಡು</b>

ಹೆತ್ತವರಿಗೆ ಹೆಗ್ಗಣ ಮುದ್ದು. ಚಿತ್ರ ತೆಗೆದವರಿಗೆ ಚಿತ್ರದಲ್ಲಿಲ್ಲದ್ದೂ ಕಾಣುತ್ತದೆ. ಬೆಳಗಿನ ನಾಲ್ಕಕ್ಕೆ ಎದ್ದದ್ದು, ಮಾತಂಗ ಬೆಟ್ಟ ಹತ್ತಿದ್ದು, ಚಳಿಗೆ ನಡುಗಿದ್ದು, ಕೊನೆಗೆ ಮೋಡ ಸರಿದದ್ದು. ಇವೆಲ್ಲ ಅವರ ಮನಸ್ಸಿನಲ್ಲಿ ಆ ಚಿತ್ರಕ್ಕೆ ಅಂಟಿಕೊಂಡಿವೆ. ನೋಡುವವರಿಗೆ ದಕ್ಕುವುದು ಚೌಕಟ್ಟಿನೊಳಗಿನದಷ್ಟೇ. ಆದ್ದರಿಂದ ಟೀಕೆ ಬಂದ ಕೂಡಲೇ ಪಟ್ಟ ಪಾಡನ್ನು ವಿವರಿಸತೊಡಗಿದರೆ ಎದುರಿನವರು ಸೌಜನ್ಯಕ್ಕೆ ಸುಮ್ಮನಾಗುತ್ತಾರೆ, ಕಲಿಯುವ ಅವಕಾಶವೂ ಅಲ್ಲಿಗೇ ಮುಗಿಯುತ್ತದೆ. ಎಲ್ಲರ ಮಾತು ಮುಗಿಯುವವರೆಗೆ ಬಾಯಿ ಮುಚ್ಚಿ ಬರೆದುಕೊಳ್ಳುವುದು ಮೇಲು. ಉದ್ದೇಶವೇನಿತ್ತೆಂದು ಆಮೇಲೆ ಹೇಳಿದರಾಯಿತು. ಆಗ ಉದ್ದೇಶಕ್ಕೂ ನೋಡಿದವರಿಗೆ ಕಂಡದ್ದಕ್ಕೂ ಎಷ್ಟು ಅಂತರವಿದೆಯೆಂಬುದು ತಾನಾಗಿ ಬಯಲಾಗುತ್ತದೆ.

ಬಂದ ಸಲಹೆಯನ್ನೆಲ್ಲ ಪಾಲಿಸಬೇಕೆಂದಿಲ್ಲ. ಮೂವರು ಬೇರೆ ಬೇರೆಯಾಗಿ ಒಂದೇ ಜಾಗದಲ್ಲಿ ಎಡವಿದರೆ ಆ ಜಾಗದಲ್ಲಿ ಏನೋ ತೊಡಕಿದೆ ಎಂದು ತಿಳಿಯಬಹುದು. ಅವರು ಸೂಚಿಸಿದ ಮದ್ದು ಮಾತ್ರ ತಪ್ಪಿರಬಹುದು. ಕಂಬಳದ ಬಟ್ಟೆಯ ವಿಷಯದಲ್ಲಿ ಆದದ್ದು ಅದೇ. ಇನ್ನು ‘ನಾನಾಗಿದ್ದರೆ ಕಪ್ಪುಬಿಳುಪು ಮಾಡುತ್ತಿದ್ದೆ’ ಎಂಬ ಬಗೆಯ ಮಾತು ಹೇಳಿದವರ ಅಭಿರುಚಿಯನ್ನು ತಿಳಿಸುತ್ತದೆಯೇ ಹೊರತು ಬೇರೇನನ್ನೂ ಅಲ್ಲ. ಮೂರನೇ ಒಂದರ ಸೂತ್ರವೂ ಹೀಗೆಯೇ. ವಸ್ತು ನಡುಮಧ್ಯೆ ಇದ್ದಾಕ್ಷಣ ಅದನ್ನು ಪಕ್ಕಕ್ಕೆ ತಳ್ಳಲು ಹೇಳುವವರು, ದೇವಾಲಯದ ಗರ್ಭಗುಡಿಯನ್ನು ಪಕ್ಕಕ್ಕೆ ತಳ್ಳಲು ಹೇಳುವುದಿಲ್ಲ.

ಸರಿಯಾಗಿ ಕೇಳಿದವರಿಗೆ ಸರಿಯಾದ ಉತ್ತರ ಸಿಗುತ್ತದೆಂಬುದೂ ಅನುಭವಸ್ಥರೆಲ್ಲ ಬಲ್ಲ ಸಂಗತಿ. ‘ಹೇಗಿದೆ?’ ಎಂದರೆ ‘ಚೆನ್ನಾಗಿದೆ’. ‘ಹಿನ್ನೆಲೆಯ ಗುಂಪು ನರ್ತಕಿಯಿಂದ ಗಮನ ಸೆಳೆಯುತ್ತಿದೆಯೇ?’ ಎಂದರೆ ಎದುರಿನವರು ಚಿತ್ರವನ್ನು ಇನ್ನೊಮ್ಮೆ ನೋಡಲೇಬೇಕು. ಹಾಗೆಯೇ, ತೀರಿಹೋದ ತಾಯಿಯ ಕೊನೆಯ ಚಿತ್ರದಂಥವನ್ನು ವಿಮರ್ಶೆಗೆ ಒಡ್ಡದಿರುವುದು ಲೇಸು. ತೋರಿಸಲೇಬೇಕೆನಿಸಿದರೆ, ಇದು ನೋಡುವುದಕ್ಕೆ ಮಾತ್ರ ಎಂದು ಮೊದಲೇ ಹೇಳಿಬಿಡಬೇಕು.

<b>‘ಸರ್’ ಎದುರು ಬಾಯಿ ಬಿಡುವುದು ಹೇಗೆ?</b>

ನಮ್ಮ ಸಂಘಗಳ ದೊಡ್ಡ ತೊಡಕು ಇದೇ ಇರಬೇಕು. ಮೂವತ್ತು ವರ್ಷ ಅನುಭವವಿರುವ, ಪದವಿಗಳನ್ನು ಪಡೆದ ಹಿರಿಯರ ಚಿತ್ರದ ಬಗ್ಗೆ ನಿನ್ನೆ ಕ್ಯಾಮೆರಾ ಕೊಂಡ ಹುಡುಗಿ ಏನು ಹೇಳಿಯಾಳು? ಹೇಳಿದರೆ ಅಧಿಕಪ್ರಸಂಗ. ಹಿರಿಯರು ಮೊದಲು ಮಾತಾಡಿದರಂತೂ ಉಳಿದವರೆಲ್ಲ ಅದಕ್ಕೆ ಹೂಂಗುಟ್ಟುವುದೇ ಸರಿ. ಇದರಿಂದ ಹಿರಿಯರಿಗೂ ನಷ್ಟ. ವರ್ಷಗಳಿಂದ ಅವರ ಚಿತ್ರದ ಬಗ್ಗೆ ಯಾರೂ ನಿಜ ಹೇಳಿರುವುದಿಲ್ಲ.

ಸಲಾನಿನಿಂದ ಸಾಲ ಪಡೆಯಬಹುದಾದ ಒಂದು ಒಳ್ಳೆಯ ಪದ್ಧತಿ ಇಲ್ಲಿದೆ. ಚಿತ್ರಗಳನ್ನು ಹೆಸರಿಲ್ಲದೆ ತೋರಿಸುವುದು. ಮಾತು ಹೊಸಬರಿಂದ ಶುರುವಾಗಿ ಹಿರಿಯರಲ್ಲಿ ಮುಗಿಯಬೇಕು. ‘ನನಗೆ ಹೀಗೆ ಕಂಡಿತು’ ಎನ್ನಲು ಪದವಿ ಬೇಕಿಲ್ಲ, ಕಂಡದ್ದು ಕಂಡದ್ದೇ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇದು ಸಾಧ್ಯವಿಲ್ಲದ್ದರಿಂದಲೇ ಅಲ್ಲಿ ಹಿರಿಯರಿಗೆ ಕೈಮುಗಿಯುವ ಚಿಹ್ನೆಗಳು, ಕಿರಿಯರಿಗೆ ಹೆಬ್ಬೆರಳು ಧಾರಾಳವಾಗಿ ಸಿಗುತ್ತವೆ.

<b>ಗೂಡಿನ ಚಿತ್ರಕ್ಕೆ ಚಪ್ಪಾಳೆ ಬೇಡ</b>

ಸೌಜನ್ಯದ ಲೆಕ್ಕಾಚಾರ ಬದಿಗಿಡಬೇಕಾದ ಒಂದು ಸಂದರ್ಭವಿದೆ. ಮರಿಗಳಿಗೆ ಗುಟುಕು ಕೊಡುತ್ತಿರುವ ಹಕ್ಕಿಯ ಚಿತ್ರ ತೆರೆಗೆ ಬರುತ್ತದೆ. ಬೆಳಕು ಸೊಗಸು, ಪ್ರತಿ ಗರಿಯೂ ಸ್ಪಷ್ಟ. ಗೂಡಿನ ಮುಂದೆ ಒಂದೂ ಎಲೆಯಿಲ್ಲ. ಅಲ್ಲಿದ್ದ ಎಲೆಗಳು ಎಲ್ಲಿ ಹೋದವು?

ಎಲೆಗಳ ಮರೆ ತೆಗೆದರೆ ಗೂಡು ಬಿಸಿಲಿಗೆ, ಕಾಗೆಗೆ, ಹಾವಿಗೆ ತೆರೆದುಕೊಳ್ಳುತ್ತದೆ. ತಾಯಿ ಹಕ್ಕಿ ಗೂಡನ್ನೇ ತೊರೆಯಬಹುದು. ಒಂದು ಕಾಲಕ್ಕೆ ಗೂಡಿನ ಚಿತ್ರಗಳಿಗೆ ಪ್ರದರ್ಶನಗಳಲ್ಲಿ ಮಾನ್ಯತೆಯಿತ್ತು. ಈಗ ಅನೇಕ ಸ್ಪರ್ಧೆಗಳೂ ಬಳಗಗಳೂ ಅವನ್ನು ಸ್ವೀಕರಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಂತೂ ‘ಬೇಟೆ’ ಎಂಬ ಪದದ ವ್ಯಾಖ್ಯೆಯೊಳಗೇ ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಕೋವಿ ಹಿಡಿದವನಿಗಷ್ಟೇ ಅಲ್ಲ, ಕ್ಯಾಮೆರಾ ಹಿಡಿದವನಿಗೂ ಅದು ಅನ್ವಯಿಸುತ್ತದೆ.

ಎಫ್‌ಐಎಪಿ, ಅಮೆರಿಕದ ಪಿಎಸ್‌ಎ ಮತ್ತು ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ 2014ರಲ್ಲಿ ನಿಸರ್ಗ ಛಾಯಾಚಿತ್ರಕ್ಕೆ ಒಂದೇ ವ್ಯಾಖ್ಯೆಯನ್ನು ಒಪ್ಪಿಕೊಂಡವು. ಚಿತ್ರದೊಳಕ್ಕೆ ಏನನ್ನೂ ಸೇರಿಸುವಂತಿಲ್ಲ, ಸರಿಸುವಂತಿಲ್ಲ. ಅಂಚು ಕತ್ತರಿಸುವುದರ ಹೊರತಾಗಿ ಏನನ್ನೂ ತೆಗೆಯುವಂತಿಲ್ಲ. ಚಿತ್ರದ ಅಂದಕ್ಕಿಂತ ಅದು ಹೇಳುವ ಕಥೆಗೆ ಹೆಚ್ಚು ತೂಕ. ಆದರೆ ಕೊಂಬೆಯನ್ನು ಕಂಪ್ಯೂಟರಿನಲ್ಲಿ ಅಳಿಸದೆ ಕಾಡಿನಲ್ಲೇ ಮುರಿದಿದ್ದರೆ ಯಾವ ಕಡತವೂ ಅದನ್ನು ಹೇಳುವುದಿಲ್ಲ. ಕೇಳಬೇಕಾದವರು ಜೊತೆಗಾರರೇ. ‘ಎಷ್ಟು ದೂರದಿಂದ ತೆಗೆದಿರಿ? ಎಷ್ಟು ಹೊತ್ತು ಅಲ್ಲಿದ್ದಿರಿ? ಹಕ್ಕಿ ಗೂಡಿಗೆ ಮರಳಿತೇ?’ ಎಂಬ ಪ್ರಶ್ನೆಗಳು ಶಟರ್ ವೇಗದ ಪ್ರಶ್ನೆಯಷ್ಟೇ ಸಹಜವಾಗಬೇಕು. ಇಂಥ ಚಿತ್ರಕ್ಕೆ ಬಿದ್ದ ಒಂದು ಚಪ್ಪಾಳೆ, ಮುಂದಿನ ವಾರ ಹತ್ತು ಕ್ಯಾಮೆರಾಗಳನ್ನು ಅದೇ ಪೊದೆಯ ಮುಂದೆ ನಿಲ್ಲಿಸಬಲ್ಲದು. ಆಸ್ಪತ್ರೆಯ ರೋಗಿ, ಬೀದಿಯ ಮಗು ಮುಂತಾದವರ ಚಿತ್ರಗಳಿಗೂ ಇದೇ ಪ್ರಶ್ನೆಗಳು ಸಲ್ಲುತ್ತವೆ. ಅವರು ಒಪ್ಪಿದ್ದರೇ ಎಂಬುದು ಚೌಕಟ್ಟಿನ ಚರ್ಚೆಗಿಂತ ಮೊದಲು ಬರಬೇಕು.

<b>ಐದು ಜನ, ಹತ್ತು ನಿಮಿಷ</b>

ಇದಕ್ಕೆಲ್ಲ ದೊಡ್ಡ ಸಂಘ, ಪ್ರೊಜೆಕ್ಟರ್, ಸಭಾಂಗಣ ಬೇಕಿಲ್ಲ. ಐವರು ಗೆಳೆಯರಿದ್ದರೆ ಸಾಕು. ಐವತ್ತು ಚಿತ್ರ ನೋಡುವ ಆಸೆ ಬಿಟ್ಟು, ಒಬ್ಬೊಬ್ಬರು ಒಂದೊಂದನ್ನೇ ಆರಿಸಿ ತರಬೇಕು. ಫೋನಿನಲ್ಲಿ ತೋರಿಸುವುದಕ್ಕಿಂತ ಸ್ಟುಡಿಯೋದಲ್ಲಿ ಮುದ್ರಿಸಿ ಮೇಜಿನ ಮೇಲಿಡುವುದು ಉತ್ತಮ. ಬೆರಳು ಸರಿಸಿ ಮುಂದೆ ಹೋಗಲು ಮುದ್ರಿತ ಚಿತ್ರ ಬಿಡುವುದಿಲ್ಲ. ಮೊದಲ ಒಂದು ನಿಮಿಷ ಯಾರೂ ಮಾತಾಡಬಾರದು. ಕೇಳುವಾಗ ದೀರ್ಘವೆನಿಸದ ಆ ಒಂದು ನಿಮಿಷ, ಚಿತ್ರದ ಮುಂದೆ ಕುಳಿತಾಗ ಎಷ್ಟು ಉದ್ದವೆಂದು ತಿಳಿಯುತ್ತದೆ. ಬಳಿಕ ಕಂಡದ್ದು, ಆಮೇಲೆ ಪ್ರಶ್ನೆ, ಕೊನೆಗೆ ಒಬ್ಬೊಬ್ಬರಿಂದ ಒಂದೊಂದೇ ಸಲಹೆ. ಒಂದು ಚಿತ್ರಕ್ಕೆ ಹತ್ತು ನಿಮಿಷವೆಂದರೂ ಒಂದು ಗಂಟೆಯೊಳಗೆ ಎಲ್ಲರ ಸರದಿ ಮುಗಿಯುತ್ತದೆ.

ಬಂದ ಸಲಹೆಗಳಲ್ಲಿ ತಾನು ಒಪ್ಪಿದ ಒಂದನ್ನು ಚಿತ್ರದ ಹಿಂಬದಿಯಲ್ಲಿ ದಿನಾಂಕ ಹಾಕಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಬೇಕು. ಕಂಬಳದ ಚಿತ್ರವಾದರೆ ಬರೆಯಬೇಕಾದದ್ದು ಇಷ್ಟೇ: ‘ನೀರು ಬಟ್ಟೆ ಮುಟ್ಟುವವರೆಗೆ ಕಾಯುವುದು’. ಮುಂದಿನ ಹಂಗಾಮಿನಲ್ಲಿ ಅದೇ ಕರೆಯ ಬದಿಗೆ ಹೋಗಿ, ಕಾದು, ಹೊಸ ಚಿತ್ರದ ಜೊತೆ ಹಳೆಯದನ್ನೂ ಮೇಜಿಗೆ ತಂದರೆ, ಆ ಐವರಿಗೆ ಮಾತಾಡಲು ಇನ್ನಷ್ಟು ಸಿಗುತ್ತದೆ.